ಸುಮ್ಮನಿದ್ದರೆ ನಡುಗುವ ಕೈ

ಅವನ ವಿಷಯ ಮೊದಲು ನನ್ನ ಕಿವಿಗೆ ಬಿದ್ದದ್ದು ಔಷಧಿ ಅಂಗಡಿಯಲ್ಲಿ. ನನ್ನ ಯಜಮಾನರು ಬಚ್ಚಲಿನಲ್ಲಿ ಜಾರಿ, ಸೊಂಟ ಮುರಿದುಕೊಂಡು ಮಂಚ ಹಿಡಿದಿದ್ದ ಕಾಲ ಅದು. ಬದುಕಿಡೀ ಬಸ್ಸು ಓಡಿಸಿದ ಮನುಷ್ಯ. ನೋವನ್ನು ಹೇಗೋ ತಡೆದುಕೊಳ್ಳುತ್ತಿದ್ದರು, ಗಡ್ಡವನ್ನು ಮಾತ್ರ ತಡೆದುಕೊಳ್ಳುತ್ತಿರಲಿಲ್ಲ. ಬೆಳಗಾದರೆ ಕೆನ್ನೆ ಕೆರೆದುಕೊಳ್ಳುತ್ತಾ, "ಹೀಗೇ ಬಿಟ್ಟರೆ ನನ್ನನ್ನ ಕರಡಿ ಅಂತ ಹಿಡ್ಕೊಂಡು ಹೋಗ್ತಾರೆ ನೋಡು" ಎನ್ನುತ್ತಿದ್ದರು. ಒಂದು ದಿನ ನಾನೇ ಬ್ಲೇಡು ಹಿಡಿದೆ. ಗಲ್ಲಕ್ಕೆ ಹತ್ತಿ ಒತ್ತಿಕೊಂಡು, "ನೀನು ಈರುಳ್ಳಿ ಹೆಚ್ಚು ತಾಯಿ, ಅದಕ್ಕೆ ರಕ್ತ ಬರಲ್ಲ" ಎಂದರು.

"ಮನೆಗೆ ಬಂದು ಶೇವಿಂಗ್ ಮಾಡೋರು ಯಾರಾದ್ರೂ ಇದಾರಾ?" ಎಂದು ಔಷಧಿ ಅಂಗಡಿಯ ಹೆಂಗಸನ್ನು ಕೇಳಿದೆ. ಆಕೆ ಮಾತ್ರೆ ಕತ್ತರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಒಬ್ಬ ಇದಾನೆ. ಟಿಕ್ಕಣ್ಣ ಅಂತಾರೆ. ಕೆಲಸ ಬಲು ಚೊಕ್ಕ. ಆದ್ರೆ ಕೈ ನಡುಗುತ್ತೆ."

"ಕ್ಷೌರದವನಿಗೆ ಕೈ ನಡುಗಿದ್ರೆ ಇನ್ನೇನು ಉಳೀತು?"

"ಅದಕ್ಕೇ ಹೇಳ್ದೆ. ಧೈರ್ಯ ಇದ್ರೆ ಕರೀರಿ. ಹತ್ತಿ ಬೇಕಾದ್ರೆ ನಮ್ಮಲ್ಲೇ ಸಿಗುತ್ತೆ."

ಮನೆಗೆ ಬಂದು ಹೇಳಿದರೆ ಯಜಮಾನರು ನಕ್ಕರು. "ಕರಿ ಅವನನ್ನ. ಸೊಂಟ ಹೋಗಿದೆ, ಕುತ್ತಿಗೆಯೂ ಹೋದ್ರೆ ಒಂದಕ್ಕೊಂದು ಜೊತೆಯಾಗುತ್ತೆ."

ಮರುದಿನ ಬಂದ. ಸಣಕಲು ಮನುಷ್ಯ, ಇಸ್ತ್ರಿ ಹಾಕಿದ ಅಂಗಿ, ಎಡಗಂಕುಳಲ್ಲಿ ತಗಡಿನ ಪೆಟ್ಟಿಗೆ. ಬಲಗೈ ಜೇಬಿನಲ್ಲಿತ್ತು. ಜೇಬಿನೊಳಗೆ ಇಲಿ ಸಿಕ್ಕಿಬಿದ್ದಂತೆ ಬಟ್ಟೆ ಅಲುಗುತ್ತಿತ್ತು. ಸ್ಟೂಲಿನ ಮೇಲೆ ಕೂತು ಕೈ ಹೊರಗೆ ತೆಗೆದಾಗ ನೋಡಿದೆ. ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ಉಜ್ಜಿಕೊಳ್ಳುತ್ತಾ, ಕಣ್ಣಿಗೆ ಕಾಣದ ಮಾತ್ರೆಯೊಂದನ್ನು ಉರುಳಿಸುತ್ತಿದ್ದವು. ನೊರೆ ಹಚ್ಚಿದ, ಕತ್ತಿಗೆ ಹೊಸ ಬ್ಲೇಡು ಸಿಕ್ಕಿಸಿದ. ನಾನು ಹತ್ತಿಯ ಉಂಡೆ ಹಿಡಿದು, ಇನ್ನೊಂದು ಕೈಯಿಂದ ಕಣ್ಣು ಮುಚ್ಚಿ ನಿಂತೆ. ಎಷ್ಟು ಹೊತ್ತಾದರೂ ಯಜಮಾನರು ಕೂಗಿಕೊಳ್ಳಲಿಲ್ಲ. ಬೆರಳಿನ ಸಂದಿಯಿಂದ ನೋಡಿದರೆ, ಕತ್ತಿ ಕೆನ್ನೆಗೆ ತಾಕಿದ್ದೇ ತಡ ನಡುಕ ಎಲ್ಲಿಗೋ ಹೋಗಿಬಿಟ್ಟಿತ್ತು. ಸೊಂಟದ ಮೇಲೆ ತುಳುಕುವ ಕೊಡವನ್ನು ನೆಲಕ್ಕಿಟ್ಟರೆ ನೀರು ನಿಲ್ಲುತ್ತದಲ್ಲ, ಹಾಗೆ.

"ಅಕ್ಕ, ಕಣ್ಣು ಬಿಡಿ. ಮುಗೀತು."

"ಇದೇನಪ್ಪ ಇದು? ಆಗ ಹಾಗೆ ಕುಣೀತಿತ್ತು."

"ಅದಕ್ಕೆ ಸುಮ್ನಿದ್ರೆ ಆಗಲ್ಲ ಅಕ್ಕ. ಕೆಲಸ ಕೊಟ್ರೆ ಹಸು, ಬಿಟ್ರೆ ಹೋರಿ."

ಆಮೇಲೆ ತಲೆಗೂದಲು ಸರಿಮಾಡಿದ. ಎರಡು ಸಲ ಕೂದಲು ಕತ್ತರಿಸಿದರೆ ನಾಲ್ಕು ಸಲ ಬರೀ ಗಾಳಿಯಲ್ಲಿ ಕತ್ತರಿ ಆಡಿಸುತ್ತಿದ್ದ. ಟಿಕ್ ಟಿಕ್ ಟಿಕ್. ಅವನ ಹೆಸರು ಹುಟ್ಟಿದ್ದೇ ಆ ಸದ್ದಿನಿಂದ.

"ಕೂದಲು ಇಲ್ಲಿದೆಯಪ್ಪ, ಗಾಳೀಲಿ ಅಲ್ಲ" ಎಂದರು ಯಜಮಾನರು.

"ಗಾಳಿಗೆ ಬಿಟ್ಟಿ ಕಟಿಂಗ್ ಯಜಮಾನ್ರೇ. ಕೈ ಒಂದು ಸಲ ನಿಂತ್ರೆ ಮತ್ತೆ ಓಟ ಹಿಡಿಯೋದು ಕಷ್ಟ. ಅದಕ್ಕೇ ನಿಲ್ಲಿಸೋದೇ ಇಲ್ಲ."

ಅಂದಿನಿಂದ ವಾರ ತಪ್ಪದೆ ಬರತೊಡಗಿದ. ಓಣಿಯಲ್ಲಿ ಮಂಚ ಹಿಡಿದವರೆಲ್ಲರಿಗೂ ಅವನೇ ಕ್ಷೌರದವನು. "ಓಡಿ ಹೋಗೋಕೆ ಆಗ್ದಿರೋರೇ ನನ್ನ ಗಿರಾಕಿಗಳು" ಎಂದು ತಾನೇ ನಗುತ್ತಿದ್ದ. ಆ ನಗುವಿನ ಹಿಂದಿನ ಕತೆ ನನಗೆ ತಿಳಿದದ್ದು ಚೂರು ಚೂರಾಗಿ.

ಬೀದಿಯ ಮೂಲೆಯಲ್ಲಿ ಅವರದೊಂದು ಕಟಿಂಗ್ ಅಂಗಡಿ. ಅಣ್ಣ ತಮ್ಮ ಇಬ್ಬರು, ಕುರ್ಚಿ ಎರಡು. ಬಾಗಿಲ ಪಕ್ಕದ್ದು ಇವನದು. ತಮ್ಮನಿಗೆ ಕತ್ತರಿ ಹಿಡಿಯಲು ಕಲಿಸಿದವನೂ ಇವನೇ. ಮದುವೆ ಗಿದುವೆ ಎಂದು ಮಾಡಿಕೊಂಡಿರಲಿಲ್ಲ, ಆ ಕುರ್ಚಿಯೇ ಅವನ ಸಂಸಾರ. ನಡುಕ ಮೊದಲು ಕಿರುಬೆರಳಿಗೆ ಬಂತಂತೆ, ಆಮೇಲೆ ಇಡೀ ಕೈಗೆ. ಗಿರಾಕಿಗಳಿಗೆ ಗೊತ್ತಾದದ್ದು ಕನ್ನಡಿಯಿಂದ. ಹಿಂದಿನಿಂದ ಬರುವ ಕೈ ಮುಂದಿನ ಕನ್ನಡಿಯಲ್ಲಿ ಕಾಣುತ್ತದೆ. ಕತ್ತಿ ಹಿಡಿದು ನಡುಗುತ್ತಾ ಬರುವ ಕೈಯನ್ನು ಕಂಡ ಮೇಲೆ, ಅದು ಕೆನ್ನೆಗೆ ತಾಕಿ ನಿಲ್ಲುವವರೆಗೆ ಯಾರು ಕಾಯುತ್ತಾರೆ? ಒಬ್ಬೊಬ್ಬರಾಗಿ ತಮ್ಮನ ಕುರ್ಚಿಗೆ ಜಾರಿದರು.

ತಮ್ಮ ಕೆಟ್ಟವನಲ್ಲ. "ಅಣ್ಣ, ಸ್ವಲ್ಪ ದಿನ ಕೈಗೆ ರೆಸ್ಟ್ ಕೊಡು, ತಾನೇ ಸರಿಹೋಗುತ್ತೆ" ಎಂದ. ತಮ್ಮನ ಹೆಂಡತಿ ಬಿಸಿ ಬಟ್ಟೆಯ ಶಾಖ ಕೊಟ್ಟು, ಕೈಯನ್ನು ದಿಂಬಿನ ಮೇಲಿಟ್ಟು ಕೂರಿಸಿದಳು. ಕೆಲಸ ಬಿಟ್ಟರೆ ಹೋರಿಯಾಗುವ ಕೈಯನ್ನು ಅವರೆಲ್ಲ ಸೇರಿ ಪ್ರೀತಿಯಿಂದ ಬಿಡಿಸಿ ಕೂರಿಸಿದರು. ರೆಸ್ಟ್ ಕೊಟ್ಟಷ್ಟೂ ಅದು ಕುಣಿಯಿತು, ಕುಣಿದಷ್ಟೂ ರೆಸ್ಟ್ ಕೊಟ್ಟರು. ಅಷ್ಟರಲ್ಲಿ ಬಾಗಿಲ ಪಕ್ಕದ ಕುರ್ಚಿಯ ಮೇಲೆ ಗಿರಾಕಿಗಳು ತಮ್ಮ ಚೀಲ, ಛತ್ರಿ ಇಡಲು ಶುರುಮಾಡಿದ್ದರು.

"ನನಗೆ ಬೇರೇನೂ ಬೇಡ ಅಕ್ಕ. ಆ ಕುರ್ಚಿ ಹಿಂದೆ ಮತ್ತೆ ನಿಲ್ಲಬೇಕು, ಅಷ್ಟೇ" ಎನ್ನುತ್ತಿದ್ದ. ಚಹಾ ಕುಡಿಯುವಾಗಲೂ ಅದೇ ಮಾತು, ಹೊರಡುವಾಗಲೂ ಅದೇ ಮಾತು.

ಒಂದು ದಿನ ಕೆಲಸ ಮುಗಿಸಿ, ಹೋಗಿಬರ್ತೀನಿ ಎಂದು ಹೇಳಿ, ಹೊಸಿಲಿನ ಹತ್ತಿರ ನಿಂತುಬಿಟ್ಟ. ನಾನು ಒಳಗೆ ಹೋಗಿ, ಪಾತ್ರೆ ತೊಳೆದು ಬಂದೆ. ಇನ್ನೂ ಅಲ್ಲೇ ನಿಂತಿದ್ದಾನೆ, ನನಗೆ ಬೆನ್ನು ಹಾಕಿ. ಏನೋ ಕೇಳಲು ಸಂಕೋಚಪಡುತ್ತಿದ್ದಾನೆ ಎಂದುಕೊಂಡೆ.

"ಏನಪ್ಪ, ಏನಾದ್ರೂ ಮರೆತ್ಯಾ?"

"ನಾನಲ್ಲ ಅಕ್ಕ. ಕಾಲು ಮರೆತಿದೆ."

ತಮಾಷೆ ಎಂದುಕೊಂಡು ನಕ್ಕೆ. ಆಮೇಲೆ ಅವನ ಮುಖ ನೋಡಿದೆ. ಹಣೆಯಲ್ಲಿ ಬೆವರಿತ್ತು. ಮೈ ಮುಂದಕ್ಕೆ ಬಾಗಿತ್ತು, ಪಾದಗಳನ್ನು ಮಾತ್ರ ಯಾರೋ ನೆಲಕ್ಕೆ ಅಂಟಿಸಿದಂತಿತ್ತು. ಕೈ ಹಿಡಿದು ಎಳೆದರೆ ಬೀಳುವಂತಾದ. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ತಲೆ ಒಂದು ಕಡೆ ಎಳೆಯುತ್ತಿದೆ, ಕಾಲು ಇನ್ನೊಂದು ಕಡೆ. "ಬಿಡಿ ಅಕ್ಕ, ಪೆಟ್ಟಿಗೆ ಕೊಡಿ" ಎಂದ. ಏನಾದರೂ ಹಿಡಿದರೆ ಕೈಯಾದರೂ ನಿಂತೀತು ಎಂದು ಕತ್ತರಿ ತೆಗೆದು, ಅಭ್ಯಾಸಬಲದಿಂದ ಗಾಳಿಯಲ್ಲಿ ಆಡಿಸಿದ. ಟಿಕ್ ಟಿಕ್ ಟಿಕ್. ಬಲಗಾಲು ಎದ್ದಿತು. ಹಿಂದೆಯೇ ಎಡಗಾಲು. ಏನೂ ಆಗಿಲ್ಲವೆಂಬಂತೆ ಹೊಸಿಲು ದಾಟಿ ಮೆಟ್ಟಿಲಿಳಿದು ಹೋದ. ನಾನು ಬಾಯಿ ತೆರೆದುಕೊಂಡು ನಿಂತೆ.

ಅಂದಿನಿಂದ ಅವನು ಬೀದಿಯಲ್ಲಿ ಕತ್ತರಿ ಆಡಿಸಿಕೊಂಡೇ ನಡೆಯುತ್ತಿದ್ದ. "ಟಿಕ್ಕಣ್ಣ, ಗಾಳಿಗೆ ಎಷ್ಟು ಉದ್ದ ಬಿಡ್ತೀಯಾ?" ಎಂದು ಜನ ರೇಗಿಸುತ್ತಿದ್ದರು. "ಮುಂದೆ ಸ್ವಲ್ಪ ಉದ್ದ, ಹಿಂದೆ ಸಣ್ಣಗೆ" ಎಂದು ಅವನೂ ಹೇಳುತ್ತಿದ್ದ.

ನಾನೂ ಅವನ ತಮ್ಮನ ಹೆಂಡತಿಯೂ ಸೇರಿ ಅವನನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ನರದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವನನ್ನು ನಡೆಸಿದಳು, ಬೆರಳು ತಟ್ಟಿಸಿದಳು, ಕತ್ತರಿಯನ್ನೂ ತೆಗೆಸಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಮ್ಮ, ನಡೆಯುವಾಗ ಈಗ ಎಡಗಾಲು, ಈಗ ಬಲಗಾಲು ಅಂತ ನೀವು ಹೇಳ್ತೀರಾ?"

"ಇಲ್ಲ ತಾಯಿ. ಅದರ ಪಾಡಿಗೆ ಅದು ಹೋಗುತ್ತೆ."

"ಹಾಗೆ ಹೋಗೋಕೆ ಬೆನ್ನುಹುರಿಯಲ್ಲೇ ಒಂದು ತಾಳ ಇದೆ. ಒಂದು ಕಾಲು ಮುಗಿಸ್ತಿದ್ದ ಹಾಗೆ ಇನ್ನೊಂದನ್ನ ಎಬ್ಬಿಸುತ್ತೆ. ಮೆದುಳು ಪ್ರತಿ ಹೆಜ್ಜೆಗೂ ಹೇಳಬೇಕಾಗಿಲ್ಲ, ಹೊರಡು ಅಂದ್ರೆ ಸಾಕು. ಆ ಹೊರಡು ಅನ್ನೋ ಮಾತು ಹೋಗೋಕೆ ಮೆದುಳಲ್ಲಿ ಒಂದು ರಸ ಬೇಕು. ಇವರಿಗೆ ಅದು ಒಣಗ್ತಾ ಬಂದಿದೆ. ಕತ್ತರಿ ಸದ್ದು ಹೊರಗಿನಿಂದ ಆ ಮಾತು ಹೇಳ್ತಾ ಇದೆ."

"ಮತ್ತೆ ಕೈ?"

"ಮೆದುಳಲ್ಲೇ ಇನ್ನೊಂದು ತಾಳ ಎದ್ದಿದೆ, ಯಾರೂ ಕರೀದೇ. ಅದು ಕೈಯನ್ನ ಕುಣಿಸ್ತಿದೆ. ಕೈ ಕೆಲಸ ಮಾಡುವಾಗ ಸ್ವಲ್ಪ ಹೊತ್ತು ಅಡಗುತ್ತೆ. ಕೈಯನ್ನ ಸುಮ್ನೆ ಕೂರಿಸಬೇಡಿ."

ತಮ್ಮನ ಹೆಂಡತಿ ನೆಲ ನೋಡಿದಳು. ಟಿಕ್ಕಣ್ಣ ಕೇಳಿದ್ದು ಒಂದೇ ಮಾತು. "ನಾನು ಕುರ್ಚಿ ಹಿಂದೆ ನಿಲ್ಲಬಹುದಾ ಡಾಕ್ಟ್ರೇ?"

ಆಕೆ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು. "ಮಾತ್ರೆ ಕೊಡ್ತೀನಿ. ತಗೊಂಡಾಗ ಚೆನ್ನಾಗಿರುತ್ತೆ, ಆಮೇಲೆ ಇಳಿಯುತ್ತೆ. ಯಾವಾಗ ಇಳಿಯುತ್ತೆ ಅಂತ ಹೇಳೋಕಾಗಲ್ಲ. ನಿಮ್ಮ ಕೈಯಲ್ಲಿ ಕತ್ತಿ ಇರುತ್ತಲ್ಲ..." ಎಂದು ಅಲ್ಲಿಗೇ ನಿಲ್ಲಿಸಿದಳು. ವಾಸಿಯಾಗುತ್ತದೆ ಎಂದು ಹೇಳಲಿಲ್ಲ. ಸುಳ್ಳು ಹೇಳದ ಹುಡುಗಿ.

ಮನೆಯಲ್ಲಿ ಯಜಮಾನರಿಗೆ ಇದನ್ನೆಲ್ಲ ಒಪ್ಪಿಸಿದೆ. ಅವರು ಕೇಳಿಸಿಕೊಂಡು, "ಗೊತ್ತಾಯ್ತು ಬಿಡು. ಬಸ್ಸು ಚೆನ್ನಾಗಿದೆ, ಡ್ರೈವರ್ ಸೀಟಲ್ಲೇ ಇದಾನೆ. ಕಂಡಕ್ಟರ್ ಸೀಟಿ ಊದ್ತಾ ಇಲ್ಲ" ಎಂದರು. ಸ್ವಲ್ಪ ಹೊತ್ತು ಸೂರು ನೋಡಿದರು. "ನನ್ನ ಬೆನ್ನ ಹಿಂದೆ ಎಷ್ಟು ಸಾವಿರ ಜನ ಕೂತಿದ್ರು. ಒಬ್ಬರಾದ್ರೂ ನನ್ನ ಕೈ ನೋಡಿ ಹತ್ತಿದ್ರಾ? ನಾಳೆ ನನ್ನನ್ನ ಅಂಗಡಿಗೆ ಕರ್ಕೊಂಡು ಹೋಗು. ಅವನ ಕುರ್ಚೀಲಿ ನಾನು ಕೂರ್ತೀನಿ. ಜನ ನೋಡಲಿ."

ಆ ಮೆರವಣಿಗೆ ನನ್ನ ಕಣ್ಣಿಗೆ ಕಟ್ಟಿದಂತಿದೆ. ಗಾಲಿಕುರ್ಚಿಯಲ್ಲಿ ಯಜಮಾನರು, ತಳ್ಳುವವಳು ನಾನು, ಪಕ್ಕದಲ್ಲಿ ಗಾಳಿ ಕತ್ತರಿಸುತ್ತಾ ಟಿಕ್ಕಣ್ಣ. ಅವನ ಕಾಲು ತಡವರಿಸಿದಾಗಲೆಲ್ಲ ಯಜಮಾನರು "ರೈಟ್, ರೈಟ್" ಎನ್ನುತ್ತಿದ್ದರು. ರಜೆಯ ಬೆಳಗ್ಗೆ, ಅಂಗಡಿಯ ಬೆಂಚು ತುಂಬಿತ್ತು. ನಾವು ಒಳಗೆ ಹೋದದ್ದೇ ಪೇಪರುಗಳೆಲ್ಲ ಮುಖಕ್ಕೆ ಏರಿದವು. ಟಿಕ್ಕಣ್ಣನ ತಮ್ಮ ಬಾಗಿಲ ಪಕ್ಕದ ಕುರ್ಚಿಯ ಮೇಲಿನ ಚೀಲಗಳನ್ನು ತೆಗೆದು, ಟವೆಲಿನಿಂದ ಒರೆಸಿ, "ಬಾ ಅಣ್ಣ" ಎಂದ.

ಟಿಕ್ಕಣ್ಣ ಯಜಮಾನರಿಗೆ ಮಾಡಿದ ಕ್ಷೌರ ಬೆಣ್ಣೆಯಲ್ಲಿ ಕೂದಲು ಎಳೆದಂತಿತ್ತು. ಯಜಮಾನರು ಕೆನ್ನೆ ಸವರಿಕೊಂಡು, ಇಡೀ ಅಂಗಡಿಗೆ ಕೇಳುವಂತೆ, "ಮದುವೆ ದಿನವೂ ಇಷ್ಟು ನುಣುಪಾಗಿರಲಿಲ್ಲ" ಎಂದರು. ಬೆಂಚಿನಲ್ಲಿ ಒಂದು ಪೇಪರು ಕೆಳಗಿಳಿಯಿತು. ದಪ್ಪ ಕನ್ನಡಕದ ಒಬ್ಬ ಮನುಷ್ಯ ಎದ್ದು ಬಂದು, "ನನಗೂ ಮಾಡಿ" ಎಂದು ಕೂತ.

ಟಿಕ್ಕಣ್ಣನ ಮುಖ ಆಗ ಹೇಗಿತ್ತೆಂದು ನಾನು ಬರೆಯಲಾರೆ.

ಆ ಮನುಷ್ಯನಿಗೆ ನೊರೆ ಹಚ್ಚಿದ, ಬಲಗೆನ್ನೆ ಮುಗಿಸಿದ. ಎಡಗೆನ್ನೆಗೆ ಹೋಗಬೇಕೆಂದರೆ ಎರಡು ಕುರ್ಚಿಗಳ ನಡುವಿನ ಸಂದಿಗೆ ಕಾಲಿಡಬೇಕು. ಕಿರಿದಾದ ಜಾಗ. ಅಲ್ಲಿ ಅವನ ಪಾದ ಅಂಟಿಕೊಂಡಿತು. ಕೈಯಲ್ಲಿದ್ದದ್ದು ಕತ್ತಿ. ಕತ್ತಿಗೆಲ್ಲಿ ಸದ್ದು? ಮೈ ಬಾಗಿದೆ, ಕಾಲು ಬರುತ್ತಿಲ್ಲ, ಕತ್ತಿ ಹಿಡಿದ ಕೈ ಕೆಲಸವಿಲ್ಲದೆ ಗಾಳಿಯಲ್ಲಿ ನಿಂತಿದೆ. ಸುಮ್ಮನಿದ್ದ ಕೈ ತನ್ನ ಬುದ್ಧಿ ತೋರಿಸಿತು. ಗಿರಾಕಿಯ ಕಿವಿಯ ಪಕ್ಕದಲ್ಲೇ ನಡುಗಲು ಶುರುವಾಯಿತು. ಆ ಮನುಷ್ಯ ಕನ್ನಡಿಯಲ್ಲಿ ನೋಡಿದ. ಕನ್ನಡಕ ತೆಗೆದಿಟ್ಟಿದ್ದರೂ ಅಷ್ಟು ಕಂಡಿತು. ಅರ್ಧ ಮುಖದ ನೊರೆಯ ಸಮೇತ ಎದ್ದು ಬೀದಿಗೆ ಓಡಿದ.

ಕತ್ತರಿ ಕನ್ನಡಿಯ ಕೆಳಗಿನ ಹಲಗೆಯ ಮೇಲೇ ಇತ್ತು. ಯಾರಾದರೂ ಎತ್ತಿ ಆಡಿಸಿದ್ದರೆ ಕಾಲು ಬರುತ್ತಿತ್ತೋ ಏನೋ. ಆ ಗಳಿಗೆಯಲ್ಲಿ ಅದು ಯಾರಿಗೂ ಹೊಳೆಯಲಿಲ್ಲ. ತಮ್ಮ ಬಂದು ಅಣ್ಣನ ಬೆರಳು ಒಂದೊಂದಾಗಿ ಬಿಡಿಸಿ ಕತ್ತಿ ತೆಗೆದುಕೊಂಡ. ಸ್ವಲ್ಪ ಹೊತ್ತಿಗೆ ಆ ಗಿರಾಕಿ ವಾಪಸು ಬಂದು, "ತಪ್ಪು ತಿಳೀಬೇಡಿ, ಮನೇಲಿ ಮಕ್ಕಳಿದಾರೆ" ಎಂದು ತಗ್ಗಿದ ದನಿಯಲ್ಲಿ ಹೇಳಿ, ಉಳಿದರ್ಧಕ್ಕೆ ತಮ್ಮನ ಕುರ್ಚಿಯಲ್ಲಿ ಕೂತ. ಅವನೂ ಕೆಟ್ಟವನಲ್ಲ. ಕೆಟ್ಟವರು ಯಾರಾದರೂ ಇದ್ದಿದ್ದರೆ ಅವರನ್ನು ಬೈದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು.

ಮನೆಗೆ ಬಂದ ಮೇಲೆ ಯಜಮಾನರು ಗೋಡೆ ಕಡೆ ತಿರುಗಿ ಮಲಗಿದರು. "ಬ್ರೇಕು ಯಾವಾಗ ಹಿಡಿಯುತ್ತೆ, ಯಾವಾಗ ಬಿಡುತ್ತೆ ಅಂತ ಗೊತ್ತಿಲ್ಲದ ಬಸ್ಸಿಗೆ ನಾನೂ ಹತ್ತುತ್ತಿರಲಿಲ್ಲ ಕಣೇ" ಎಂದರು. ಟಿಕ್ಕಣ್ಣನ ಮುಂದೆ ಆ ಮಾತು ಎಂದೂ ಆಡಲಿಲ್ಲ. ಕ್ಷೌರವನ್ನು ಅವನ ಕೈಯಲ್ಲೇ ಮಾಡಿಸಿಕೊಂಡರು, ಆ ವರ್ಷದ ಚಳಿಯಲ್ಲಿ ತೀರಿಕೊಳ್ಳುವ ತನಕ.

ಅವರು ಹೋದ ಮೇಲೂ ಟಿಕ್ಕಣ್ಣ ಬರುವುದು ನಿಲ್ಲಿಸಲಿಲ್ಲ. ಮೆಟ್ಟಿಲ ಮೇಲೆ ಕೂರುತ್ತಿದ್ದ. ಕೈ ತೊಡೆಯ ಮೇಲೆ ಕುಣಿಯತೊಡಗಿದರೆ, "ಅಕ್ಕ, ಏನಾದ್ರೂ ಕೊಡಿ" ಎನ್ನುತ್ತಿದ್ದ. ಬಟಾಣಿ ಸುಲಿಯಲು ಕೊಡುತ್ತಿದ್ದೆ. ಬುಟ್ಟಿ ಇರುವವರೆಗೆ ಕೈ ಹಸುವಾಗಿರುತ್ತಿತ್ತು. ಬಟಾಣಿ ಮುಗಿದರೆ ಬೆಳ್ಳುಳ್ಳಿ. ಬೆಳ್ಳುಳ್ಳಿಯೂ ಮುಗಿದರೆ ನಾನು ಸುತ್ತಿಟ್ಟ ನೂಲಿನ ಉಂಡೆಯನ್ನು ಬಿಚ್ಚಿ, ಗಂಟು ಹಾಕಿ, ಬಿಡಿಸು ಎಂದು ಕೊಡುತ್ತಿದ್ದೆ. ಅವನಿಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಅಂಗಡಿಯ ಬಾಗಿಲ ಪಕ್ಕದ ಕುರ್ಚಿಗೆ ತಮ್ಮ ಯಾರನ್ನೂ ಇಟ್ಟಿರಲಿಲ್ಲ. ಮಾತ್ರೆ ಇನ್ನೊಂದು ಸ್ವಲ್ಪ ಹಿಡಿದರೆ ನಿಲ್ಲುತ್ತೇನೆ ಎಂದು ಇವನು ಹೇಳುತ್ತಲೇ ಇದ್ದ.

ಹೀಗಿರುವಾಗ ಒಂದು ದಿನ ತಮ್ಮನ ಹೆಂಡತಿ ಓಡಿ ಬಂದಳು. "ಬನ್ನಿ ಅಕ್ಕ, ಭಾವ ಬಾಗಿಲಲ್ಲೇ ನಿಂತುಬಿಟ್ಟಿದಾರೆ. ಕತ್ತರಿಯೂ ಕೇಳ್ತಿಲ್ಲ." ಹೋಗಿ ನೋಡಿದರೆ ಅವನು ಕತ್ತರಿ ಆಡಿಸುತ್ತಲೇ ಇದ್ದಾನೆ, ಸದ್ದೇ ಇಲ್ಲ. ಪಾಪ, ಅವಳು ಭಾವನಿಗೆ ಒಳ್ಳೆಯದಾಗಲಿ ಎಂದು ಬೀದಿಯಲ್ಲಿ ಬಂದ ಸಾಣೆಯವನ ಕೈಲಿ ಕತ್ತರಿ ಸಾಣೆ ಹಿಡಿಸಿದ್ದಳು. ಅವನು ಚೊಕ್ಕ ಕೆಲಸಗಾರ. ಅಲಗು ಉಜ್ಜಿ, ಸಡಿಲವಾಗಿದ್ದ ತಿರುಪು ಬಿಗಿದು, ಎಣ್ಣೆ ಬಿಟ್ಟಿದ್ದ. ಕತ್ತರಿ ಬೆಣ್ಣೆಯಂತಾಗಿತ್ತು, ಮೂಕವಾಗಿತ್ತು. ನಾನು ಚಾಕುವಿನ ತುದಿಯಿಂದ ತಿರುಪು ಸಡಿಲಿಸಿದೆ, ಎಣ್ಣೆ ಒರೆಸಿದೆ. ಟಿಕ್ ಎಂದಿತು. ಆದರೆ ಹಳೆಯ ದನಿ ಮತ್ತೆ ಬರಲಿಲ್ಲ. ಕಾಲು ಯೋಚಿಸಿ ಯೋಚಿಸಿ ಎದ್ದಿತು. ಅವಳು ಒಲೆಯ ಮುಂದೆ ಕೂತು ಅತ್ತಳು. "ಅಳಬೇಡಮ್ಮ. ಕತ್ತರಿ ಹರಿತ ಆಗಿದೆ, ನಿನ್ನ ಗಂಡನಿಗಾದ್ರೂ ಆಗುತ್ತೆ" ಎಂದ ಇವನು.

ಬರಬರುತ್ತಾ ಹೆಬ್ಬೆರಳಿಗೂ ಶಕ್ತಿ ಇಲ್ಲವಾಯಿತು. ಆಗ ಕತ್ತರಿ ಆಡಿಸುವ ಕೆಲಸ ನನ್ನದಾಯಿತು. ನಾನು ಬಟ್ಟೆ ಕತ್ತರಿಸಿ ರೂಢಿಯಾದವಳು, ಐದೂ ಬೆರಳು ಒತ್ತಿ ಹಿಡಿಯುತ್ತಿದ್ದೆ, ತಾಳ ತಪ್ಪುತ್ತಿತ್ತು.

"ಹಾಗಲ್ಲ ಅಕ್ಕ. ಆ ನಾಲ್ಕು ಬೆರಳು ಅತ್ತೆ ಮಾವ ನಾದಿನಿ ಮೈದುನ, ಅವು ಕೂತಿರಲಿ. ಹೆಬ್ಬೆರಳು ಸೊಸೆ. ಅದೊಂದೇ ದುಡೀಬೇಕು."

ಕಲಿತೆ. ಅವನ ಮನೆಯ ಬಾಗಿಲಿನಿಂದ ನನ್ನ ಮೆಟ್ಟಿಲ ತನಕ, ಮೆಟ್ಟಿಲಿನಿಂದ ಬೀದಿಯ ಮೂಲೆಯ ತನಕ ಕತ್ತರಿ ಆಡಿಸಿಕೊಂಡು ಅವನ ಪಕ್ಕದಲ್ಲಿ ನಡೆಯುತ್ತಿದ್ದೆ. ಅಂಗಡಿಯ ಎದುರು ಬಂದರೆ ಒಳಗೆ ಇಣುಕಿ, "ಕುರ್ಚಿ ಇದೆ" ಎನ್ನುತ್ತಿದ್ದ, ವಾಪಸು ತಿರುಗುತ್ತಿದ್ದೆವು. ಆಮೇಲೆ ಮೂಲೆಯ ತನಕ ಹೋಗಲಾಗಲಿಲ್ಲ. ಆಮೇಲೆ ನನ್ನ ಮೆಟ್ಟಿಲ ತನಕವೂ ಇಲ್ಲ. ಕೊನೆಗೆ ಕತ್ತರಿ ಕಿವಿಯ ಹತ್ತಿರ ಆಡಿಸಿದರೂ ಪಾದ ನೆಲ ಬಿಡಲಿಲ್ಲ. ಡಾಕ್ಟರು ಮಾತ್ರೆ ಹೆಚ್ಚಿಸಿದಳು, ಬದಲಾಯಿಸಿದಳು. "ಮೊದಲಿನಷ್ಟು ಹಿಡಿಯಲ್ಲ ಅಮ್ಮ" ಎಂದು ನನ್ನ ಭುಜದ ಮೇಲೆ ಕೈಯಿಟ್ಟಳು. ತಮ್ಮ ತಿಂಗಳುಗಟ್ಟಲೆ ಕಾದು, ಬಾಗಿಲ ಪಕ್ಕದ ಕುರ್ಚಿಗೆ ಬೇರೊಬ್ಬನನ್ನು ತಂದ. ಅಣ್ಣನಿಗೆ ಆ ಸುದ್ದಿ ಹೇಳಲು ನನ್ನನ್ನು ಕಳಿಸಿದ. ನಾನು ಹೋದೆ, ಕೂತೆ, ಹೇಳಲಾಗದೆ ಎದ್ದು ಬಂದೆ. ಹೇಳದಿದ್ದರೂ ಅವನಿಗೆ ಗೊತ್ತಾಗಿತ್ತು.

ಕೊನೆಯ ಸಲ ನೋಡಿದ್ದು ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿ. ಮಧ್ಯಾಹ್ನ, ಕಿಟಕಿಯ ಬಿಸಿಲು ಮಂಚದ ಕಾಲ ಹತ್ತಿರ ಬಿದ್ದಿತ್ತು. ತಮ್ಮ ಬೆಳಗ್ಗೆಯೇ ಅವನಿಗೆ ಕ್ಷೌರ ಮಾಡಿ ಹೋಗಿದ್ದ, ಕೆನ್ನೆ ಹೊಳೆಯುತ್ತಿತ್ತು. ಮುಖದಲ್ಲಿ ನಗುವೂ ಇಲ್ಲ ಅಳುವೂ ಇಲ್ಲ, ಆ ಹೊತ್ತಿಗೆ ಅದೂ ಅವನ ಮಾತು ಕೇಳುವುದು ಬಿಟ್ಟಿತ್ತು. ನಾನು ಕತ್ತರಿ ತೆಗೆದು ಹೆಬ್ಬೆರಳೊಂದನ್ನೇ ಆಡಿಸಿದೆ. ಹೊದಿಕೆಯ ಕೆಳಗೆ ಪಾದಗಳು ಅಲುಗಲಿಲ್ಲ.

"ಸಾಕು ಅಕ್ಕ. ಗಾಳಿ ಬೋಳಾಗಿ ಹೋಗುತ್ತೆ" ಎಂದ. ದನಿ ಎಷ್ಟು ಸಣ್ಣಗಿತ್ತೆಂದರೆ ಬಾಗಿ ಕೇಳಬೇಕಾಯಿತು. "ಹೊಸಬ ಹೇಗೆ ಮಾಡ್ತಾನೆ?"

"ಪರವಾಗಿಲ್ವಂತೆ. ಎಲ್ಲಾ ಮೆಷಿನ್ನಲ್ಲೇ ಅಂತೆ."

"ಹಾಗಾದ್ರೆ ಟಿಕ್ ಅನ್ನಲ್ಲ."

"ಇಲ್ಲ. ಗುಂಯ್ ಅನ್ನುತ್ತೆ."

ಕಣ್ಣು ಕಿಟಕಿಯ ಕಡೆ ಹೋಯಿತು. ಕೈ ಮಾತ್ರ ಸುಮ್ಮನಿರಲಿಲ್ಲ. ಇಡೀ ಮೈ ಕಲ್ಲಾಗಿ ಮಲಗಿರುವಾಗ ಅದೊಂದೇ ಹೊದಿಕೆಯ ಮೇಲೆ ಕಾಣದ ಮಾತ್ರೆಯನ್ನು ಉರುಳಿಸುತ್ತಿತ್ತು. ನಾನು ಬರುವಾಗ ಚೀಲದಲ್ಲಿ ಬಟಾಣಿ ತಂದಿದ್ದೆ, ಒಂದು ಕಾಯಿಯನ್ನು ಬೆರಳ ನಡುವೆ ಇಟ್ಟೂ ಇದ್ದೆ. ಹಿಡಿಯಲಾಗದೆ ಅದು ಜಾರಿ ನೆಲಕ್ಕೆ ಬಿದ್ದಿತ್ತು. ನೂಲಿನ ಉಂಡೆಯೂ ಹಾಗೆಯೇ ಉರುಳಿ ಮಂಚದ ಕೆಳಗೆ ಸೇರಿತ್ತು. ಆ ಕೋಣೆಯಲ್ಲಿ ಒಂದು ನೀರಿನ ಲೋಟ, ಮಾತ್ರೆಯ ಡಬ್ಬಿ, ಗೋಡೆಗೆ ಒರಗಿಸಿದ ತಗಡಿನ ಪೆಟ್ಟಿಗೆ ಬಿಟ್ಟರೆ ಇನ್ನೇನೂ ಇರಲಿಲ್ಲ. ಅವನ ಕಣ್ಣು ಆ ಕೈಯನ್ನು ನೋಡಿತು, ಆಮೇಲೆ ನನ್ನನ್ನು.

"ಅಕ್ಕ, ಇದಕ್ಕೆ ಏನಾದ್ರೂ ಕೆಲಸ ಕೊಡಿ" ಎಂದ.